ಟಿಪ್ಪು ಸುಲ್ತಾನ್: ಕೋವಿ, ಬಾಣ ಮತ್ತು ಗುರಿ

ಟಿಪ್ಪು ಸುಲ್ತಾನನ ಬಗ್ಗೆ ನಮ್ಮ ಕಡೆ ಅಭಿಪ್ರಾಯ ಇಲ್ಲದವರು ಸಿಗುವುದು ಕಷ್ಟ. ಕುಂದಾಪುರದ ಬಸ್ಸಿನಲ್ಲಾಗಲಿ, ಬೈಂದೂರಿನ ಅಂಗಡಿ ಕಟ್ಟೆಯಲ್ಲಾಗಲಿ, ಮೊಬೈಲಿನ ಗ್ರೂಪುಗಳಲ್ಲಾಗಲಿ ಆ ಹೆಸರು ಬಂದ ಕೂಡಲೇ ಮಾತು ಎರಡು ಪಾಲಾಗುತ್ತದೆ. ನಮ್ಮಂಥ ಕಾಲೇಜಿನವರು ಎಂದು ಗೊತ್ತಾದರೆ ನೀನು ಯಾವ ಕಡೆ ಎಂದು ನಗುತ್ತಲೇ ವಿಚಾರಿಸುವವರೂ ಇದ್ದಾರೆ. ಉತ್ತರ ಕೊಡುವ ಮೊದಲು ತಿಳಿದುಕೊಳ್ಳಬೇಕು ಎಂದು ನಾನು ಈ ಸಲದ ರಜೆಯಲ್ಲಿ ಓದಲು ಕುಳಿತೆ. ನಾನು ವಿಜ್ಞಾನ ವಿಭಾಗದ ವಿದ್ಯಾರ್ಥಿ. ಹಾಗಾಗಿ ಅವನ ಬದುಕನ್ನು ಅಳೆದು ನೋಡಬಹುದಾದ ಒಂದು ದಾರಿ ಹಿಡಿದೆ. ಅದು ಅವನ ಕೋವಿ ಮತ್ತು ಬಾಣಗಳ ದಾರಿ. ಹಾರಿಸಿದ್ದು ನೇರವಾಗಿ ಗುರಿಗೆ ಹೋಗುವುದು ಹೇಗೆ ಎಂಬ ಪ್ರಶ್ನೆ ಹುಟ್ಟಿನಿಂದ ಸಾವಿನವರೆಗೂ ಅವನ ಸುತ್ತಲೇ ಇತ್ತು.

ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ ಆಗ ಮೈಸೂರು ಒಡೆಯರ ಸೈನ್ಯದಲ್ಲಿ ಮೇಲೇರುತ್ತಿದ್ದ ಸೈನಿಕ. ತಾಯಿ ಫಕ್ರುನ್ನಿಸಾ. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗನಿಗೆ ಇಟ್ಟರು. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಮಗನಿಗೆ ಮಾತ್ರ ಒಳ್ಳೆಯ ಗುರುಗಳನ್ನು ಇಟ್ಟು ಪಾರ್ಸಿ ಕಲಿಸಿದ. ಜೊತೆಗೆ ಕುದುರೆ ಸವಾರಿ, ಕತ್ತಿವರಸೆ, ಕೋವಿ ಹಿಡಿಯುವುದು ಎಲ್ಲವೂ ನಡೆಯಿತು.

ಅದೇ 1750ರಲ್ಲಿ ಇಂಗ್ಲೆಂಡಿನಿಂದ ಒಬ್ಬ ಗಣಿತಜ್ಞ ಹಡಗಿನಲ್ಲಿ ಬಂದು, ತಮಿಳು ಕರಾವಳಿಯ ಕಡಲೂರಿನ ಬಳಿ ಇರುವ ಸೇಂಟ್ ಡೇವಿಡ್ ಕೋಟೆಯಲ್ಲಿ ಇಳಿದ. ಅವನ ಹೆಸರು ಬೆಂಜಮಿನ್ ರಾಬಿನ್ಸ್. ಈಸ್ಟ್ ಇಂಡಿಯಾ ಕಂಪನಿ ತನ್ನ ಕೋಟೆಗಳನ್ನು ಬಲಪಡಿಸಲು ಅವನನ್ನು ಕಳಿಸಿತ್ತು. 1742ರಲ್ಲಿ ಅವನು ಬಂದೂಕು ವಿದ್ಯೆಯ ಬಗ್ಗೆ ಬರೆದ ಪುಸ್ತಕವನ್ನು ಪ್ರಸಿದ್ಧ ಗಣಿತಜ್ಞ ಆಯ್ಲರ್ ಜರ್ಮನ್ ಭಾಷೆಗೆ ಅನುವಾದ ಮಾಡಿದ್ದ. 1747ರಲ್ಲಿ ರಾಬಿನ್ಸ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇನ್ನೊಂದು ವಿಷಯ ಇಟ್ಟ. ನಳಿಗೆಯ ಒಳಗೆ ಸುರುಳಿ ಗೀರು ಇರುವ ಕೋವಿ, ಅಂದರೆ ರೈಫಲ್, ಯಾಕೆ ಗುರಿ ತಪ್ಪುವುದಿಲ್ಲ ಎಂದು ವಿವರಿಸಿದ. ಇದನ್ನು ಮೊದಲು ಅರಿತು ತನ್ನ ಸೈನಿಕರ ಕೈಗೆ ಕೊಡುವ ದೇಶ ಉಳಿದವರಿಗಿಂತ ಬಹಳ ಮುಂದೆ ಹೋಗುತ್ತದೆ ಎಂಬುದು ಅವನ ಅಂದಾಜಾಗಿತ್ತು. 1751ರ ಜುಲೈಯಲ್ಲಿ ಅವನು ಆ ಕೋಟೆಯಲ್ಲೇ ತೀರಿಕೊಂಡ.

ರಾಬಿನ್ಸ್ ಹೇಳಿದ್ದು ಏನೆಂದು ತಿಳಿದರೆ ಮುಂದಿನ ಕತೆ ಸುಲಭವಾಗುತ್ತದೆ. ಆ ಕಾಲದ ಕೋವಿಗೆ ಬಾಯಿಯಿಂದಲೇ ಮದ್ದು ಸುರಿದು, ಸೀಸದ ಗುಂಡು ಹಾಕಿ, ಸರಳಿನಿಂದ ಜಡಿಯಬೇಕು. ಯುದ್ಧದಲ್ಲಿ ಮತ್ತೆ ಮತ್ತೆ ಬೇಗ ತುಂಬಿಸಬೇಕಾದ್ದರಿಂದ ಗುಂಡನ್ನು ನಳಿಗೆಗಿಂತ ಸ್ವಲ್ಪ ಸಣ್ಣದಾಗಿಯೇ ಮಾಡುತ್ತಿದ್ದರು. ಇಂಗ್ಲಿಷ್ ಸೈನಿಕರ ಬಂದೂಕಿನ ನಳಿಗೆಯ ವ್ಯಾಸ ಒಂದು ಇಂಚಿನ ಮುಕ್ಕಾಲು ಭಾಗ. ಗುಂಡು ಅದಕ್ಕಿಂತ ಚಿಕ್ಕದು. ಮದ್ದು ಸಿಡಿದಾಗ ಆ ಗುಂಡು ನಳಿಗೆಯ ಗೋಡೆಗೆ ಅಲ್ಲಿ ಇಲ್ಲಿ ತಾಗುತ್ತ ಹೊರಬರುತ್ತದೆ. ಕೊನೆಯಲ್ಲಿ ಯಾವ ಬದಿಗೆ ತಾಗಿತೋ ಅದರ ಪ್ರಕಾರ ಹೇಗೆ ಹೇಗೋ ತಿರುಗಲು ಶುರುವಾಗುತ್ತದೆ. ಸ್ಪಿನ್ ಬೌಲರ್ ಎಸೆದ ಚೆಂಡು ಗಾಳಿಯಲ್ಲೇ ಬದಿಗೆ ಬಾಗುವುದನ್ನು ನಾವೆಲ್ಲ ನೋಡಿದ್ದೇವೆ. ಗುಂಡಿಗೂ ಅದೇ ಆಗುತ್ತದೆ. ಒಂದೊಂದು ಸಲ ಒಂದೊಂದು ಕಡೆ ಬಾಗುವುದರಿಂದ ನೂರು ಗಜ ದಾಟಿದ ಮೇಲೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತಾಗುತ್ತಿತ್ತು. ಸೈನಿಕರು ಸಾಲಾಗಿ ನಿಂತು ಒಟ್ಟಿಗೆ ಗುಂಡು ಹಾರಿಸುತ್ತಿದ್ದುದಕ್ಕೆ ಇದೇ ಕಾರಣ.

ರೈಫಲಿನ ನಳಿಗೆಯಲ್ಲಿ ಹಾಗಲ್ಲ. ಒಳಗೋಡೆಯ ಮೇಲೆ ಸ್ಕ್ರೂವಿನಂತೆ ಸುತ್ತುವ ಗೀರುಗಳಿರುತ್ತವೆ. ಗುಂಡನ್ನು ಎಣ್ಣೆ ಅಥವಾ ಕೊಬ್ಬು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ಬಿಗಿಯಾಗಿ ಒಳಗೆ ತಳ್ಳುತ್ತಾರೆ. ಬಟ್ಟೆ ಗೀರನ್ನು ಹಿಡಿದುಕೊಳ್ಳುತ್ತದೆ, ಗುಂಡು ಹೊರಬರುವಾಗ ಸುತ್ತುತ್ತಲೇ ಬರುತ್ತದೆ. ಹೀಗೆ ಹೋಗುವ ದಿಕ್ಕನ್ನೇ ಅಕ್ಷವಾಗಿ ಮಾಡಿಕೊಂಡು ತಿರುಗುವ ಗುಂಡು ಅಡ್ಡಾದಿಡ್ಡಿ ಬಾಗುವುದಿಲ್ಲ. ತಿರುಗುವ ಬುಗುರಿ ಬೀಳದೆ ನಿಲ್ಲುವುದು ಯಾವ ನಿಯಮದಿಂದಲೋ ಅದೇ ನಿಯಮ ಇಲ್ಲೂ ಇದೆ. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ನಾವು ಕೋನೀಯ ಸಂವೇಗ ಎಂದು ಓದುವುದು ಇದನ್ನೇ.

ಸುತ್ತು ಎಷ್ಟು ಬೇಕು ಎಂಬುದಕ್ಕೂ ಲೆಕ್ಕವಿದೆ. ಎಷ್ಟು ಇಂಚು ಮುಂದೆ ಹೋದಾಗ ಒಂದು ಪೂರ್ಣ ಸುತ್ತು ಆಗುತ್ತದೆ ಎಂದು ಅದನ್ನು ಹೇಳುತ್ತಾರೆ. ದುಂಡಗಿನ ಗುಂಡಿಗೆ ನಿಧಾನ ತಿರುವು ಸಾಕು, 60ರಿಂದ 72 ಇಂಚಿಗೆ ಒಂದು ಸುತ್ತು ಚೆನ್ನಾಗಿ ಕೆಲಸ ಮಾಡುತ್ತದೆ. ಉದ್ದನೆಯ, ಮೂತಿ ಇರುವ ಗುಂಡನ್ನು ಗಾಳಿ ಮುಂದಿನಿಂದ ತಳ್ಳಿ ಮಗುಚಲು ನೋಡುವುದರಿಂದ ಅದಕ್ಕೆ ಬಿಗಿ ತಿರುವು ಬೇಕು, ಸುಮಾರು 28 ಇಂಚಿಗೆ ಒಂದು. ಎರಡಕ್ಕೂ ಆಗಲಿ ಎಂದು 48 ಇಂಚಿನ ತಿರುವು ಕೊಡುವವರೂ ಇದ್ದಾರೆ. ತಿರುವು ಅತಿಯಾದರೂ ತೊಂದರೆಯೇ. ಮದ್ದು ಹೆಚ್ಚು ಹಾಕಿದಾಗ ಮೆತ್ತಗಿನ ಸೀಸದ ದುಂಡು ಗುಂಡು ಗೀರನ್ನು ಬಿಟ್ಟು ಜಾರಿಬಿಡುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ತಿರುವು 72 ಇಂಚು, ಅಂದರೆ 6 ಅಡಿ. ಗುಂಡಿನ ವೇಗ ಸೆಕೆಂಡಿಗೆ 1,500 ಅಡಿ. ಆಗ ಗುಂಡು ಸೆಕೆಂಡಿಗೆ 250 ಸುತ್ತು ತಿರುಗುತ್ತದೆ. ನಿಧಾನ ಎಂದು ಕರೆಯುವ ತಿರುವಿನಲ್ಲೇ ಇಷ್ಟು!

ಬಾಯಿಯಿಂದ ತುಂಬಿಸುವ ಕೋವಿ ನಮ್ಮ ಕಡೆ ಇನ್ನೂ ಇದೆ. ಹಂದಿ, ಮಂಗಗಳಿಂದ ಬೆಳೆ ಉಳಿಸಲು ಲೈಸೆನ್ಸ್ ಪಡೆದು ಇಟ್ಟುಕೊಂಡ ಕೇಪಿನ ಕೋವಿಗಳವು. ಚುನಾವಣೆ ಬಂದಾಗ ಅವನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕು. ನಮ್ಮ ಮನೆಯ ಹತ್ತಿರದ ತೋಟದವರೊಬ್ಬರು ಖಾಲಿ ಕೋವಿಯ ನಳಿಗೆಗೆ ಟಾರ್ಚ್ ಹಿಡಿದು ನನಗೆ ಒಳಗೆ ತೋರಿಸಿದರು. ಪೈಪಿನಂತೆ ನುಣುಪಾಗಿತ್ತು, ಗೀರು ಇರಲಿಲ್ಲ. ಹತ್ತಿರದಿಂದ ಚರೆ ಹಾರಿಸಲು ಗೀರು ಬೇಡ ಮಾರಾಯ ಎಂದರು ಅವರು. ಟಿಪ್ಪುವಿನ ಕಾಲದ ಸಾಮಾನ್ಯ ಸೈನಿಕನ ಬಂದೂಕೂ ಒಳಗೆ ಹೀಗೇ ನುಣುಪು. ಕೇಪಿನ ಬದಲು ಅದಕ್ಕೆ ಚಕಮಕಿ ಕಲ್ಲು ಇತ್ತು.

ಈಗ ಟಿಪ್ಪುವಿನ ಕತೆಗೆ ಮರಳೋಣ. ಅವನಿಗೆ ಹನ್ನೆರಡು ಹದಿಮೂರು ವರ್ಷವಾಗಿದ್ದಾಗ, 1763ರಲ್ಲಿ, ಹೈದರ್ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದ. ಅದಕ್ಕೆ ಹೈದರ್ ನಗರ ಎಂದು ಹೆಸರಿಟ್ಟ. ಇಂದಿನ ಹೊಸನಗರ ತಾಲೂಕಿನ ನಗರ ಅದೇ. ಬಿದನೂರಿನ ಜೊತೆಗೆ ಬಸ್ರೂರು, ಕುಂದಾಪುರ, ಮಂಗಳೂರು ಸೇರಿದ ಕರಾವಳಿಯೂ ಮೈಸೂರಿನ ಕೈಗೆ ಬಂತು. ಹದಿಹರೆಯದಲ್ಲೇ ಟಿಪ್ಪು ತಂದೆಯ ಜೊತೆ ಮಲಬಾರಿಗೆ ಹೋದ. 1767ರಲ್ಲಿ ಕುದುರೆ ದಂಡು ತೆಗೆದುಕೊಂಡು ಮದರಾಸಿನ ಹೊರವಲಯದವರೆಗೂ ನುಗ್ಗಿದ.

ಮೈಸೂರಿನ ಸೈನ್ಯದಲ್ಲಿ ಬಂದೂಕಿನ ಜೊತೆಗೆ ಇನ್ನೊಂದು ಆಯುಧ ಇತ್ತು, ಅದೇ ಬಾಣ. ಬಾಣವೆಂದರೆ ಬಿಲ್ಲಿನ ಬಾಣವಲ್ಲ, ರಾಕೆಟ್. ಯುರೋಪಿನಲ್ಲಿ ಆಗ ರಾಕೆಟಿನ ಕೊಳವೆಯನ್ನು ಕಾಗದ, ರಟ್ಟಿನಿಂದ ಮಾಡುತ್ತಿದ್ದರು. ಮೈಸೂರಿನವರು ಬಡಿದು ಹದಮಾಡಿದ ಕಬ್ಬಿಣದಿಂದ ಮಾಡಿದರು. ಕಬ್ಬಿಣದ ಕೊಳವೆ ಹೆಚ್ಚು ಒತ್ತಡ ತಡೆಯುವುದರಿಂದ ಒಳಗೆ ಮದ್ದನ್ನು ಗಟ್ಟಿಯಾಗಿ ತುಂಬಬಹುದು, ನೂಕುವ ಬಲ ಹೆಚ್ಚಾಗುತ್ತದೆ. ಹೀಗಾಗಿ ಅದು ಒಂದು ಕಿಲೋಮೀಟರಿಗೂ ಮೀರಿ ಹೋಗುತ್ತಿತ್ತು. ಇಂಗ್ಲೆಂಡಿನ ವೂಲಿಚ್ ಸಂಗ್ರಹದಲ್ಲಿ ಉಳಿದಿದ್ದ ಒಂದು ಮೈಸೂರು ಬಾಣದ ಕೊಳವೆ ಸುಮಾರು 20 ಸೆಂಟಿಮೀಟರ್ ಉದ್ದ. ಅದನ್ನು ತೊಗಲಿನ ಪಟ್ಟಿಯಿಂದ ಕಟ್ಟಿದ್ದ ಬಿದಿರು ಸುಮಾರು 1.9 ಮೀಟರ್. ನಮ್ಮ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ಬಾಣಗಳ ಬಗ್ಗೆ ಒಂದು ಪ್ರಬಂಧವನ್ನೇ ಬರೆದರು.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ಸೈನ್ಯವನ್ನು ಸುತ್ತುವರಿದು ಸೋಲಿಸಿದರು. ಇಂಗ್ಲಿಷರ ಮದ್ದಿನ ಗಾಡಿಗಳು ಆ ದಿನ ಸಿಡಿದವು, ಬಾಣಗಳೇ ಅದಕ್ಕೆ ಕಾರಣ ಎಂದು ಹೇಳುವುದುಂಟು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಯುದ್ಧದ ದೊಡ್ಡ ಚಿತ್ರವಿದೆ.

1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಆಗ ಮಲಬಾರಿನಲ್ಲಿದ್ದ. ಅವನು ಪಟ್ಟಕ್ಕೆ ಬಂದ ಹೊಸದರಲ್ಲೇ ಯುದ್ಧ ನಮ್ಮ ಮನೆ ಬಾಗಿಲಿಗೆ ಬಂತು. 1783ರ ಜನವರಿಯಲ್ಲಿ ಮುಂಬಯಿಯ ಇಂಗ್ಲಿಷ್ ಸೈನ್ಯ ಜನರಲ್ ಮ್ಯಾಥ್ಯೂಸನ ಜೊತೆ ಕರಾವಳಿಗೆ ಇಳಿದು ಕುಂದಾಪುರವನ್ನು ಹಿಡಿಯಿತು. ಅಲ್ಲಿಂದ ಹೊಸಂಗಡಿಯ ಮೇಲಿನ ಘಟ್ಟ ಹತ್ತಿತು. ಇಂದು ವಾರಾಹಿ ವಿದ್ಯುದಾಗಾರ ಇರುವ ಹೊಸಂಗಡಿಯೇ ಅದು. ಅಲ್ಲಿನ ಕಡಿದಾದ ತಿರುವುಗಳಲ್ಲಿ ಬಸ್ಸು ಹತ್ತುವುದೇ ಕಷ್ಟ. ಮೇಲೆ ಬಿದನೂರಿನ ಅಧಿಕಾರಿ ಶೇಖ್ ಅಯಾಜ್ ಹೋರಾಡದೆ ಊರನ್ನು ಒಪ್ಪಿಸಿದ. ಟಿಪ್ಪು ದೂರದಿಂದ ವೇಗವಾಗಿ ಬಂದು ಏಪ್ರಿಲ್ ಕೊನೆಯ ಹೊತ್ತಿಗೆ ಬಿದನೂರನ್ನು ಮರಳಿ ಪಡೆದ. ಮ್ಯಾಥ್ಯೂಸ್ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ಸತ್ತ. ಅನಂತರ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದ. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಯಿತು.

ಈ ಯುದ್ಧದ ಇನ್ನೊಂದು ಮುಖವನ್ನೂ ಹೇಳಲೇಬೇಕು. 1784ರಲ್ಲಿ, ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ, ಕರಾವಳಿಯ ಸಾವಿರಾರು ಕ್ರೈಸ್ತರನ್ನು ಹೆಂಗಸರು ಮಕ್ಕಳ ಸಮೇತ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಅನೇಕರು ದಾರಿಯಲ್ಲೂ ಸೆರೆಯಲ್ಲೂ ಸತ್ತರು. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು ಟಿಪ್ಪು ಸತ್ತ ಮೇಲೆ. ನಮ್ಮ ಜೊತೆ ಓದುವ ಕ್ರೈಸ್ತ ಗೆಳೆಯರ ಮನೆಗಳಲ್ಲಿ ಆ ನೆನಪು ಇಂದಿಗೂ ಇದೆ. ಕೊಡಗಿನಲ್ಲೂ ಹಾಗೆಯೇ. ಕಾಡಿನ ಮರೆಯಿಂದ ಕೋವಿ ಹಾರಿಸಿ ಹೋರಾಡಿದ ಕೊಡವರನ್ನು ಟಿಪ್ಪುವಿನ ಸೈನ್ಯ ಸೆರೆಹಿಡಿದು ಒಯ್ದಿತು. ಆ ಕೊಡವರು ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದಿಗೂ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಇದೇ ಟಿಪ್ಪು 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅಲ್ಲಿನ ಸ್ವಾಮಿಗಳಿಗೆ ಪತ್ರ ಬರೆದು, ಮತ್ತೆ ಪ್ರತಿಷ್ಠೆ ನಡೆಸಲು ಹಣ ಕಳಿಸಿದ. ಆ ಪತ್ರಗಳು ಮಠದಲ್ಲೇ ಸಿಕ್ಕಿವೆ. ಇವೆಲ್ಲ ಒಬ್ಬನೇ ಮನುಷ್ಯನ ಬದುಕಿನಲ್ಲಿ ನಡೆದವು. ಒಂದನ್ನು ಮಾತ್ರ ಆರಿಸಿ ಹೇಳಿದರೆ ನಮ್ಮ ಮಾತೇ ಗುರಿ ತಪ್ಪುತ್ತದೆ.

ಒಪ್ಪಂದದ ಬಳಿಕ ಟಿಪ್ಪು ಹೆಚ್ಚು ಗಮನ ಕೊಟ್ಟದ್ದು ಕಾರ್ಖಾನೆಗಳಿಗೆ. ಶ್ರೀರಂಗಪಟ್ಟಣ, ಬಿದನೂರು ಮುಂತಾದ ಕಡೆ ಕೋವಿ, ಫಿರಂಗಿ, ಬಾಣ ತಯಾರಾಗುತ್ತಿದ್ದವು. ಅಲ್ಲಿಂದ ಬಂದ ಕೋವಿಗಳ ಮೇಲೆ ಹುಲಿಯ ಪಟ್ಟೆ, ಹುಲಿಯ ಮುಖದ ಕೆತ್ತನೆ ಇರುತ್ತಿತ್ತು. ತಾನೇ ರೂಪಿಸಿದ ಮೌಲೂದಿ ಪಂಚಾಂಗದ ವರ್ಷವನ್ನೂ ನಳಿಗೆಯ ಮೇಲೆ ಹಾಕಿಸುತ್ತಿದ್ದ. 1787ರಲ್ಲಿ ಫ್ರಾನ್ಸಿಗೆ ರಾಯಭಾರಿಗಳನ್ನು ಕಳಿಸಿದ. ಅವರು 1788ರಲ್ಲಿ ದೊರೆ ಹದಿನಾರನೇ ಲೂಯಿಯನ್ನು ಕಂಡು, ಸೈನ್ಯದ ನೆರವಿನ ಜೊತೆಗೆ ಕುಶಲ ಕೆಲಸಗಾರರನ್ನೂ ಕೇಳಿದರು. ಸೈನ್ಯ ಸಿಗಲಿಲ್ಲ, ಕೆಲವು ಕೆಲಸಗಾರರು ಬಂದರು. ಸೈನ್ಯಕ್ಕಾಗಿ ಫತಹುಲ್ ಮುಜಾಹಿದೀನ್ ಎಂಬ ಕೈಪಿಡಿ ಬರೆಸಿದ. ಸೈನ್ಯದ ತುಕಡಿಗಳಲ್ಲಿ ಬಾಣದವರ ಪ್ರತ್ಯೇಕ ದಳಗಳು ಇದ್ದವು.

ಆದರೆ ಬಾಣದ ಗುರಿಯ ಕಷ್ಟ ಉಳಿದೇ ಇತ್ತು. ಬಿದಿರಿನ ಕೋಲು ಬಾಣವನ್ನು ಮಗುಚದಂತೆ ಹಿಡಿಯುತ್ತದೆ ನಿಜ. ಆದರೆ ಹೊಗೆ ಹೊರಬರುವ ಬಾಯಿ ಸ್ವಲ್ಪ ಓರೆಯಾಗಿದ್ದರೂ, ಕೋಲು ಸ್ವಲ್ಪ ಬಾಗಿದ್ದರೂ, ಅಡ್ಡಗಾಳಿ ಬೀಸಿದರೂ ಬಾಣ ಬೇರೆ ಕಡೆಗೆ ತಿರುಗುತ್ತದೆ. ದೀಪಾವಳಿಯ ರಾಕೆಟನ್ನು ಬಾಟಲಿಯಲ್ಲಿಟ್ಟು ಹಚ್ಚಿದವರಿಗೆ ಇದು ಗೊತ್ತು. ಇದಕ್ಕೆ ಮೈಸೂರಿನವರು ಕಂಡುಕೊಂಡ ಉಪಾಯ, ಒಂದೇ ಸಲಕ್ಕೆ ಬಹಳ ಬಾಣ ಬಿಡುವುದು. ದಟ್ಟವಾಗಿ ನಿಂತ ಸೈನ್ಯದ ಮೇಲೆ, ಕುದುರೆಗಳ ಮೇಲೆ, ಮದ್ದಿನ ಗಾಡಿಗಳ ಮೇಲೆ ಅದು ಚೆನ್ನಾಗಿ ನಡೆಯುತ್ತಿತ್ತು. ಸಾಲು ಸಾಲಾಗಿ ನಿಂತು ಬಂದೂಕು ಹಾರಿಸುತ್ತಿದ್ದ ಇಂಗ್ಲಿಷರ ಉಪಾಯವೂ ಇದೇ. ಒಂದೊಂದನ್ನು ನಂಬಲಾಗದಿದ್ದಾಗ ಇಬ್ಬರೂ ಸಂಖ್ಯೆಯನ್ನು ನಂಬಿದರು.

ಸುರುಳಿ ಗೀರಿನ ಗುಟ್ಟು ಗೊತ್ತಿದ್ದರೂ ಸೈನ್ಯಗಳು ಅದನ್ನು ಯಾಕೆ ಬಳಸಲಿಲ್ಲ ಎಂದು ನೀವು ಕೇಳಬಹುದು. ಕಾರಣ ಸಮಯ. ನುಣುಪು ನಳಿಗೆಯ ಬಂದೂಕನ್ನು ಪಳಗಿದ ಸೈನಿಕ ನಿಮಿಷಕ್ಕೆ ಮೂರು ಸಲ ಹಾರಿಸಬಲ್ಲ. ರೈಫಲಿಗೆ ಗುಂಡನ್ನು ಬಿಗಿಯಾಗಿ ತಳ್ಳಬೇಕಾದ್ದರಿಂದ ಒಂದೆರಡು ಸಲ ಹಾರಿಸಿದರೆ ಹೆಚ್ಚು. ಮದ್ದಿನ ಮಸಿ ಗೀರಿನಲ್ಲಿ ತುಂಬಿಕೊಂಡಂತೆ ಇನ್ನೂ ತಡ. ಹಾಗಾಗಿ ರಾಬಿನ್ಸನ ಮಾತು ಅವನ ದೇಶದಲ್ಲೇ ಅರ್ಧ ಶತಮಾನ ಕಾಯಬೇಕಾಯಿತು.

ಆ ಅರ್ಧ ಶತಮಾನದೊಳಗೆ ಟಿಪ್ಪುವಿನ ಆಳ್ವಿಕೆ ಮುಗಿದೇ ಹೋಯಿತು. 1790ರಲ್ಲಿ ಮೂರನೇ ಯುದ್ಧ ಶುರುವಾಯಿತು. ಇಂಗ್ಲಿಷರು, ಮರಾಠರು, ಹೈದರಾಬಾದಿನ ನಿಜಾಮ ಒಟ್ಟಾಗಿ ಬಂದರು. 1791ರ ಮಾರ್ಚ್‌ನಲ್ಲಿ ಬೆಂಗಳೂರು ಬಿತ್ತು. 1792ರಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಬೇಕಾಯಿತು. ಹಣ ಕೊಟ್ಟ ಮೇಲೆ 1794ರಲ್ಲಿ ಮಕ್ಕಳು ಮರಳಿದರು.

1799ರಲ್ಲಿ ಕೊನೆಯ ಯುದ್ಧ. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪಿಗೆ ಕರ್ನಲ್ ವೆಲ್ಲೆಸ್ಲಿ ತನ್ನ ಸೈನಿಕರೊಂದಿಗೆ ನುಗ್ಗಿದ. ಕತ್ತಲೆಯಲ್ಲಿ ಬಾಣ ಮತ್ತು ಗುಂಡುಗಳ ಮಳೆಗೆ ಸಿಕ್ಕಿ ಹಿಂದೆ ಸರಿದ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವನೇ. ಆದರೆ ಕೋಟೆಯ ಗೋಡೆ ಫಿರಂಗಿಗಳ ಹೊಡೆತಕ್ಕೆ ಒಡೆಯಿತು. ಮೇ 4ರ ಮಧ್ಯಾಹ್ನ ಇಂಗ್ಲಿಷರು ಒಳನುಗ್ಗಿದರು. ಸುದ್ದಿ ಕೇಳಿ ಟಿಪ್ಪು ಊಟದಿಂದ ಎದ್ದು ಗೋಡೆಯ ಬಳಿ ಹೋದ. ಸೇವಕರು ಒಂದೊಂದಾಗಿ ತುಂಬಿಸಿ ಕೊಟ್ಟ ಕೋವಿಗಳಿಂದ ಸಾಮಾನ್ಯ ಸೈನಿಕನಂತೆ ತಾನೇ ಗುಂಡು ಹಾರಿಸಿದ. ಮೊದಲೇ ಗಾಯಗೊಂಡಿದ್ದ ಅವನು ಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ ಬಿದ್ದ. ಹತ್ತಿರದಿಂದ ತಲೆಗೆ ತಗುಲಿದ ಗುಂಡೊಂದು ಅವನ ಪ್ರಾಣ ತೆಗೆಯಿತು. ಹೊಡೆದ ಸೈನಿಕನಿಗೆ ತಾನು ಹೊಡೆದದ್ದು ಸುಲ್ತಾನನಿಗೆ ಎಂದು ಗೊತ್ತಿರಲಿಲ್ಲ. ರಾತ್ರಿ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿ ಗುರುತಿಸಿದರು. ಮರುದಿನ ತಂದೆಯ ಪಕ್ಕದಲ್ಲಿ, ಗುಂಬಜಿನಲ್ಲಿ ದಫನ ಮಾಡಿದರು.

ಅವನು ಸತ್ತ ಮುಂದಿನ ವರ್ಷ, 1800ರಲ್ಲಿ, ಬ್ರಿಟಿಷ್ ಸೈನ್ಯ ಬೇಕರ್ ರೈಫಲನ್ನು ಆರಿಸಿಕೊಂಡಿತು. ಅದರ ನಳಿಗೆ 30 ಇಂಚು, ಏಳು ಗೀರುಗಳು. ನಳಿಗೆಯುದ್ದಕ್ಕೂ ಗೀರು ತಿರುಗುವುದು ಕಾಲು ಸುತ್ತು ಮಾತ್ರ, ಅಂದರೆ 120 ಇಂಚಿಗೆ ಒಂದು ಸುತ್ತು. ಅಷ್ಟು ನಿಧಾನದ ತಿರುವಿನಿಂದಲೇ ಆ ರೈಫಲಿನವರು ಇನ್ನೂರು ಗಜದಲ್ಲಿ ಗುರಿ ಹೊಡೆಯುತ್ತಿದ್ದರು. ಶ್ರೀರಂಗಪಟ್ಟಣದಿಂದ ಒಯ್ದ ಬಾಣಗಳ ವಿಷಯವೂ ಅಷ್ಟಕ್ಕೇ ನಿಲ್ಲಲಿಲ್ಲ. ವಿಲಿಯಂ ಕಾಂಗ್ರೀವ್ 1804ರಿಂದ ರಾಕೆಟ್ ಪ್ರಯೋಗ ನಡೆಸಿ, ಮೈಸೂರಿನಂತೆಯೇ ಕಬ್ಬಿಣದ ಕೊಳವೆಗೆ ಕೋಲು ಕಟ್ಟಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅವುಗಳಿಂದ ಹೊತ್ತಿ ಉರಿಯಿತು. ಅವಕ್ಕೂ ಗುರಿ ನಿಲ್ಲುತ್ತಿರಲಿಲ್ಲ. 1844ರಲ್ಲಿ ವಿಲಿಯಂ ಹೇಲ್ ಎಂಬವನು ಕೋಲನ್ನೇ ಕಿತ್ತುಹಾಕಿದ. ಹೊರಬರುವ ಹೊಗೆಯಿಂದಲೇ ರಾಕೆಟ್ ತಿರುಗುವಂತೆ ಮಾಡಿದ. ತಿರುಗುತ್ತಿದ್ದರೆ ಓರೆಯ ನೂಕು ಒಂದೇ ಕಡೆ ಸೇರದೆ ಸುತ್ತಲೂ ಹಂಚಿಹೋಗುತ್ತದೆ. ಹೀಗೆ ಗುಂಡಿನ ಉತ್ತರವೇ ಬಾಣಕ್ಕೂ ಉತ್ತರವಾಯಿತು.

2018ರಲ್ಲಿ ನಗರದ ಕೋಟೆಯ ಪ್ರದೇಶದ ಒಂದು ಹಾಳುಬಾವಿಯಲ್ಲಿ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಬಾಣದ ಕೊಳವೆಗಳು ಸಿಕ್ಕಿದವು. ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಅವನ್ನು ಒಯ್ದರು. ನಮ್ಮ ಘಟ್ಟದ ಮೇಲಿನ ಕಮ್ಮಾರರು ಕಬ್ಬಿಣ ಕಾಯಿಸಿ, ಬಡಿದು, ಸುತ್ತಿ ಮಾಡಿದ ಕೊಳವೆಗಳವು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ರಾಬಿನ್ಸನ ಲೆಕ್ಕ ಮತ್ತು ಈ ಕಮ್ಮಾರರ ಕೈ ಒಂದೇ ಕಡೆ ಸೇರಿದ್ದರೆ ಏನಾಗುತ್ತಿತ್ತೋ ಎಂದು ನಾನು ಯೋಚಿಸುತ್ತೇನೆ. ಟಿಪ್ಪುವಿನ ಬಳಿ ಕಬ್ಬಿಣವಿತ್ತು, ಕೆಲಸಗಾರರಿದ್ದರು, ಹೊಸದನ್ನು ಕಲಿಯುವ ಹಸಿವೂ ಇತ್ತು. ಹಾರುವ ವಸ್ತುವಿನ ಗಣಿತ ಕಲಿಸುವ ಶಾಲೆಗಳು ಮಾತ್ರ ದೂರದ ದೇಶದಲ್ಲಿದ್ದವು. ಇಂದು ಆ ಗಣಿತ ನಮ್ಮ ಬ್ಯಾಗಿನೊಳಗಿನ ಪಠ್ಯಪುಸ್ತಕದಲ್ಲಿದೆ.

ಕುಂದಾಪುರದಿಂದ ಬೆಳಗ್ಗೆ ಹೊರಟರೆ ಹೊಸಂಗಡಿ ಘಟ್ಟ ಹತ್ತಿ ನಗರದ ಕೋಟೆ ನೋಡಿ ಸಂಜೆಯೊಳಗೆ ಮರಳಬಹುದು. ಇತಿಹಾಸದವರೂ ವಿಜ್ಞಾನದವರೂ ಸೇರಿ ಒಂದು ದಿನ ಅಲ್ಲಿಗೆ ಹೋಗುವ ವ್ಯವಸ್ಥೆ ಮಾಡಬೇಕೆಂದು ನಮ್ಮ ಉಪನ್ಯಾಸಕರಲ್ಲಿ ನನ್ನ ವಿನಂತಿ.